ಕಾಗದ ಪೂರ್ತಿ ಓದೋಣ

ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿಯುವ ಹೊತ್ತಿಗೆ ನಮ್ಮ ಕಡೆಯ ಎಷ್ಟೋ ಕ್ರೈಸ್ತ ಸಭೆಗಳಲ್ಲಿ ಒಂದು ತಟ್ಟೆ ಸುತ್ತು ಬರುತ್ತದೆ. ಅದರ ತುಂಬ ವಾಗ್ದಾನದ ಕಾರ್ಡುಗಳು, ಒಂದೊಂದರ ಮೇಲೂ ಸತ್ಯವೇದದ, ಅಂದರೆ ಬೈಬಲಿನ, ಒಂದು ವಚನ. ಕಣ್ಣು ಮುಚ್ಚಿ ಒಂದನ್ನು ಎತ್ತಿಕೊಳ್ಳಬೇಕು. ಹೊಸ ವರ್ಷಕ್ಕೆ ದೇವರು ನಿಮಗೇ ಅಂತ ಕೊಟ್ಟ ವಚನ ಅದು. ಹಾಸನದ ಆ ಚಳಿಯಲ್ಲಿ ಶಾಲು ಹೊದ್ದು ನಿಂತವರೆಲ್ಲ ಪಕ್ಕದವರ ಕಾರ್ಡು ಇಣುಕುವವರೇ. "ನಿಂಗೇನ್ ಬಂತು?" "ನಂಗೆ ಕೀರ್ತನೆ 121. ನಿಂಗೆ?" ಯೆರೆಮೀಯ 29:11, ಅಂದರೆ ಯೆರೆಮೀಯ ಪ್ರವಾದಿಯ ಪುಸ್ತಕದ 29ನೇ ಅಧ್ಯಾಯದ 11ನೇ ವಚನ, ಬಂದವರ ಖುಷಿ ಮಾತ್ರ ಬೇರೆಯೇ. ನಿಮ್ಮ ವಿಷಯದಲ್ಲಿ ನನಗಿರುವ ಯೋಚನೆ ಕೇಡಿನದಲ್ಲ, ಹಿತದ್ದು, ನಿಮಗೊಂದು ಒಳ್ಳೆಯ ನಾಳೆ ಇದೆ ಅನ್ನುವ ಅರ್ಥದ ಮಾತು ಅದು. ಫ್ರಿಜ್ ಮೇಲೆ ಅದೇ, ಆಟೋ ಹಿಂದೆ ಅದೇ, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೋಗುವ ಮಗುವಿನ ಪೆನ್ಸಿಲ್ ಬಾಕ್ಸಿನೊಳಗೂ ಅದೇ.

ಕಾರ್ಡಿನ ಮೇಲೆ ನನಗೆ ಸಿಟ್ಟೇನೂ ಇಲ್ಲ. ಕಷ್ಟದಲ್ಲಿರುವವರಿಗೆ ಒಂದು ವಚನ ಊಟದಷ್ಟೇ ಬೇಕಾಗುತ್ತದೆ. ಆದರೆ ಬಹಳ ಮನೆಗಳಲ್ಲಿ ಆ ವರ್ಷದ ಸತ್ಯವೇದದ ಓದು ಅಲ್ಲಿಗೇ ಮುಗಿದುಹೋಗುತ್ತದೆ. ಆಮೇಲೆ ಉಳಿಯುವುದು ಬೆಳಿಗ್ಗೆ ಎದ್ದು ವಾಟ್ಸಾಪಿನಲ್ಲಿ ಬಂದ ವಚನಕ್ಕೆ "ಆಮೆನ್" ಒತ್ತುವುದು, ಭಾನುವಾರದ ಪ್ರಸಂಗ ಕೇಳುವುದು, ರಾತ್ರಿ ನಿದ್ದೆಗಣ್ಣಲ್ಲಿ ಎರಡು ಮಾತು ಪ್ರಾರ್ಥನೆ. ಮಗ ಗಣಿತದಲ್ಲಿ ಹಿಂದುಳಿದರೆ ಟ್ಯೂಷನ್‌ಗೆ ಕಳಿಸಿ, ತಿಂಗಳ ಟೆಸ್ಟಿನ ಅಂಕ ನೋಡಿ, ಮೇಷ್ಟ್ರಿಗೆ ಫೋನ್ ಮಾಡಿ ವಿಚಾರಿಸುವ ನಾವೇ, ಸತ್ಯವೇದದ ಮಟ್ಟಿಗೆ "ಮನಸ್ಸು ಬಂದಾಗ ಓದೋಣ ಬಿಡಿ" ಅಂದುಬಿಡುತ್ತೇವೆ.

ಆ 29:11 ಒಂದು ಕಾಗದದ ನಡುವಿನ ಸಾಲು. ಕಾಗದ ಪೂರ್ತಿ ಓದಿದರೆ ಕಥೆಯೇ ಬೇರೆ.

ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರ ಯೆರೂಸಲೇಮಿನಿಂದ ಅರಸನನ್ನೂ ಅರಮನೆಯವರನ್ನೂ ಕಮ್ಮಾರ ಬಡಗಿಗಳನ್ನೂ ಸೆರೆಹಿಡಿದು ಕೊಂಡೊಯ್ದ. ಹಾಗೆ ಊರು ಬಿಟ್ಟು ಹೋದವರಿಗೆ ಯೆರೆಮೀಯ ಬರೆದ ಕಾಗದ ಅದು. ಸುಮ್ನೆ ಊಹಿಸಿಕೊಳ್ಳಿ. ಗಂಟುಮೂಟೆ ಬಿಚ್ಚದೆ ಕೂತಿದ್ದಾರೆ. ನಾಳೆಯೋ ನಾಡಿದ್ದೋ ವಾಪಸ್ ಹೊರಡುತ್ತೇವೆ ಅಂತ ಕಾಯುತ್ತಿದ್ದಾರೆ. ಅಂಥವರಿಗೆ ಪ್ರವಾದಿ ಬರೆಯುತ್ತಾನೆ: ಮನೆ ಕಟ್ಟಿಕೊಳ್ಳಿ. ತೋಟ ಹಾಕಿ ಅದರ ಫಲ ತಿನ್ನಿ. ಮದುವೆಯಾಗಿ, ಮಕ್ಕಳಿಗೂ ಮದುವೆ ಮಾಡಿ. ನಿಮ್ಮನ್ನು ಸೆರೆಗೆ ಒಯ್ದ ಆ ಪಟ್ಟಣದ ಕ್ಷೇಮಕ್ಕಾಗಿ ದುಡಿಯಿರಿ, ಅದಕ್ಕಾಗಿ ಪ್ರಾರ್ಥಿಸಿ. ಆಮೇಲೆ ಹತ್ತನೇ ವಚನ: ಬಾಬೆಲಿಗೆ 70 ವರ್ಷ ತುಂಬಿದ ಮೇಲೆ ನಿಮ್ಮನ್ನು ವಾಪಸ್ ಕರೆತರುತ್ತೇನೆ. ನಮ್ಮ ಕಾರ್ಡಿನ ವಚನ ಬರುವುದು ಇದಾದ ಮೇಲೆ.

ಗುರುವಾರ ಸಂಜೆ ನಾವೊಂದಷ್ಟು ಜನ ಒಬ್ಬರ ಮನೆಯಲ್ಲಿ ಕೂತು ಓದುತ್ತೇವೆ. ದೊಡ್ಡ ಗುಂಪೇನಲ್ಲ. ಒಬ್ಬ ಆಟೋ ಓಡಿಸುತ್ತಾನೆ, ಒಬ್ಬಾಕೆ ನರ್ಸ್, ಇಬ್ಬರು ಕಾಲೇಜು ಹುಡುಗಿಯರು, ಮನೆಯ ಯಜಮಾನರು ನಿವೃತ್ತ ಲೈನ್‌ಮನ್. ಈ ಅಧ್ಯಾಯ ಜೋರಾಗಿ ಓದಿ ಮುಗಿಸಿದಾಗ ಆಟೋ ತಮ್ಮ ಪುಸ್ತಕದಿಂದ ಕಣ್ಣೆತ್ತದೆ ಕೇಳಿದ: "ಅಕ್ಕಾ, ಎಪ್ಪತ್ತು ವರ್ಷ ಅಂದ್ರೆ, ಈ ಕಾಗ್ದ ಕೇಳಿಸ್ಕೊಂಡ ದೊಡ್ಡೋರು ಯಾರೂ ವಾಪಸ್ ಊರು ನೋಡ್ಲಿಲ್ಲ ಅಂತಾಯ್ತಲ್ವಾ?"

ಯಾರೂ ಮಾತಾಡಲಿಲ್ಲ. ಅವನ ಆಟೋ ಹಿಂದೆಯೂ ಅದೇ ವಚನ ಇದೆ.

ಒಳ್ಳೆಯ ವ್ಯಾಖ್ಯಾನದ ಪುಸ್ತಕ ಕೊಡಬೇಕಾದ ಹೊಳಹನ್ನು ಅವನಿಗೆ ಕೊಟ್ಟಿದ್ದು ಇಪ್ಪತ್ತು ನಿಮಿಷದ ನಿಧಾನದ ಓದು, ಅಷ್ಟೇ. ಯಾರು ಬರೆದರು, ಯಾರಿಗೆ ಬರೆದರು, ಹಿಂದೆ ಮುಂದೆ ಏನಿದೆ ಅಂತ ನೋಡುವುದಕ್ಕೆ ಗ್ರೀಕ್, ಹೀಬ್ರೂ ಬರಬೇಕಾಗಿಲ್ಲ. ಹಿಂದಿನ ಪುಟ ತಿರುಗಿಸಿದರೆ 28ನೇ ಅಧ್ಯಾಯದಲ್ಲಿ ಹನನ್ಯ ಅನ್ನುವ ಇನ್ನೊಬ್ಬ ಪ್ರವಾದಿ ಸಿಗುತ್ತಾನೆ. ಬಾಬೆಲಿಗೆ ತಲೆಬಾಗಬೇಕು ಅನ್ನುವುದಕ್ಕೆ ಗುರುತಾಗಿ ಯೆರೆಮೀಯ ಕುತ್ತಿಗೆಗೆ ಮರದ ನೊಗ ಹಾಕಿಕೊಂಡು ತಿರುಗುತ್ತಿದ್ದರೆ, ಇವನು ದೇವಾಲಯದಲ್ಲಿ ಎಲ್ಲರೆದುರಿಗೆ ಅದನ್ನು ಕಿತ್ತು ಮುರಿದುಹಾಕುತ್ತಾನೆ. ಎರಡೇ ವರ್ಷ, ಎಲ್ಲರೂ ವಾಪಸ್, ಒಯ್ದ ಪಾತ್ರೆ ಪಗಡಿಯೂ ವಾಪಸ್ ಅನ್ನುತ್ತಾನೆ. ಜನರಿಗೆ ಯಾರ ಮಾತು ಇಷ್ಟವಾಗಿರಬೇಕು? ಯೆರೆಮೀಯ ಕೂಡ ಮೊದಲು ಅಂದದ್ದು "ಆಮೆನ್" ಅಂತಲೇ. ಹಾಗೇ ಆಗಲಿ ಅಂತ ಅವನಿಗೂ ಆಸೆ. ಆದರೆ ದೇವರ ಮಾತು ಹಾಗಿರಲಿಲ್ಲ. ಹನನ್ಯ ಅದೇ ವರ್ಷ ತೀರಿಕೊಂಡ. ಅವನ ವಾಗ್ದಾನದ ಕಾರ್ಡು ಯಾರಿಗಾದರೂ ಬಂದಿದ್ದರೆ ಎಷ್ಟು ಖುಷಿಪಡುತ್ತಿದ್ದರೋ!

ಇಲ್ಲೇ ನನಗೆ ಅತಿ ಮುಖ್ಯ ಅನ್ನಿಸುವ ಸಂಗತಿ ಇರುವುದು. ಕಾರ್ಡಿನಲ್ಲಿ ಅಚ್ಚಾಗದ 12, 13ನೇ ವಚನಗಳು ಹೇಳುವುದೇನು? ನೀವು ನನ್ನನ್ನು ಕೂಗಿ ಪ್ರಾರ್ಥಿಸುವಿರಿ, ನಾನು ಕೇಳುತ್ತೇನೆ. ಮನಸ್ಸಿಟ್ಟು ಹುಡುಕಿದರೆ ನಾನು ಸಿಗುತ್ತೇನೆ. ಅಂದರೆ ಒಳ್ಳೆಯ ನಾಳೆಯ ಮಾತು ಬಂದ ಉಸಿರಿನಲ್ಲೇ ಹುಡುಕುವ ಕೆಲಸದ ಮಾತೂ ಬಂದಿದೆ. ನಾವು ಒಂದನ್ನು ಕತ್ತರಿಸಿ ಫ್ರೇಮ್ ಹಾಕಿಸಿಕೊಂಡು ಇನ್ನೊಂದನ್ನು ಪುಸ್ತಕದಲ್ಲೇ ಬಿಟ್ಟಿದ್ದೇವೆ.

ಈ ಕಾಗದವನ್ನು ಸರಿಯಾಗಿ ಓದಿದವನೊಬ್ಬ ಸತ್ಯವೇದದೊಳಗೇ ಇದ್ದಾನೆ. ದಾನಿಯೇಲ. ಒಂಬತ್ತನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ಅವನು ಮುದುಕ. ಹುಡುಗನಾಗಿ ಸೆರೆ ಬಂದವನು ಬಾಬೆಲಿನಲ್ಲೇ ತಲೆ ನೆರೆಸಿಕೊಂಡಿದ್ದಾನೆ. ರಾಜ್ಯ ಬದಲಾಗಿದೆ, ಹೊಸ ಅರಸ ದಾರ್ಯಾವೆಷನ ಆಳ್ವಿಕೆಯ ಮೊದಲ ವರ್ಷ. ದಾನಿಯೇಲ ಯೆರೆಮೀಯನ ಬರಹ ಓದುತ್ತಾನೆ, 70 ವರ್ಷದ ಲೆಕ್ಕ ಹಾಕುತ್ತಾನೆ. ಅವಧಿ ಹತ್ತಿರ ಬಂದಿದೆ ಅಂತ ಗೊತ್ತಾಗುತ್ತದೆ. ನಾವಾಗಿದ್ದರೆ ಸಿಹಿ ಹಂಚುತ್ತಿದ್ದೆವು. ಅವನು ಗೋಣಿತಟ್ಟು ಸುತ್ತಿಕೊಂಡು, ಬೂದಿ ಬಳಿದುಕೊಂಡು, ಉಪವಾಸ ಕೂತು ಪ್ರಾರ್ಥಿಸುತ್ತಾನೆ. 4ರಿಂದ 19ನೇ ವಚನದವರೆಗೂ ಅದೇ ಪ್ರಾರ್ಥನೆ. "ನಾವು ಪಾಪ ಮಾಡಿದೆವು" ಅನ್ನುತ್ತಾನೆ, "ಅವರು" ಅನ್ನುವುದಿಲ್ಲ. ಆಗಿಹೋದ ತಪ್ಪುಗಳಲ್ಲಿ ಅವನ ಪಾಲು ಎಷ್ಟಿತ್ತು ಹೇಳಿ!

ದೇವರು ಮಾತು ಕೊಟ್ಟಾಗಿದೆ, ಇನ್ನು ಪ್ರಾರ್ಥಿಸುವುದೇಕೆ ಅಂತ ಅವನು ಕೂರಲಿಲ್ಲ. ಮಾತು ಕೊಟ್ಟಿದ್ದಾನೆ ಅಂತಲೇ ಪ್ರಾರ್ಥಿಸಿದ. ಅವನಿಗೆ ಓದು ಒಂದು ಕೆಲಸ, ಪ್ರಾರ್ಥನೆ ಇನ್ನೊಂದು ಕೆಲಸ ಆಗಿರಲಿಲ್ಲ. ಓದಿದ್ದು ಮಂಡಿಗೆ ಇಳಿಯಿತು. ನಮ್ಮಲ್ಲಿ ಇವೆರಡೂ ಬೇರೆ ಬೇರೆಯಾಗಿವೆ. ಚೆನ್ನಾಗಿ ಓದಿಕೊಂಡವರು ವಾದಕ್ಕೆ ನಿಲ್ಲುತ್ತಾರೆ, ಗಂಟೆಗಟ್ಟಲೆ ಪ್ರಾರ್ಥಿಸುವವರು ಹೇಳಿದ್ದನ್ನೇ ಹೇಳುತ್ತಾರೆ. ನನ್ನ ಪ್ರಕಾರ ಎರಡೂ ಸೊರಗುವುದು ಇದರಿಂದಲೇ.

ಇದೇ ದಾನಿಯೇಲನ ಆರನೇ ಅಧ್ಯಾಯ ಎಲ್ಲ ಭಾನುವಾರ ಶಾಲೆ ಮಕ್ಕಳಿಗೂ ಗೊತ್ತು, ಸಿಂಹದ ಗವಿ. ಸಿಂಹದ ಚಿತ್ರಕ್ಕೆ ಬಣ್ಣ ತುಂಬುವ ಭರದಲ್ಲಿ ಹತ್ತನೇ ವಚನದ ಸಣ್ಣ ಮಾತು ಜಾರಿಹೋಗುತ್ತದೆ. 30 ದಿನ ಅರಸನಿಗೆ ಬಿಟ್ಟು ಬೇರೆ ಯಾರಿಗೂ ಬಿನ್ನಹ ಮಾಡಬಾರದು ಅಂತ ಆಜ್ಞೆಯಾಗಿದೆ. ದಾನಿಯೇಲ ಮನೆಗೆ ಹೋಗಿ, ಯೆರೂಸಲೇಮಿನ ಕಡೆ ತೆರೆದ ಕಿಟಕಿಯ ಮುಂದೆ ದಿನಕ್ಕೆ ಮೂರು ಸಲ ಮಂಡಿಯೂರುತ್ತಾನೆ. ಮುಂಚಿನಿಂದ ಮಾಡುತ್ತಿದ್ದ ಹಾಗೆಯೇ. ಆಪತ್ತು ಬಂತು ಅಂತ ಅವನು ವಿಶೇಷ ಉಪವಾಸ ಕೂಟ ಇಟ್ಟುಕೊಳ್ಳಲಿಲ್ಲ. ಆಪತ್ತು ಬರುವ ಹೊತ್ತಿಗೆ ಅಭ್ಯಾಸ ಹಳೆಯದಾಗಿತ್ತು.

ಸರಿ, ಅಭ್ಯಾಸ ಮಾಡಿಕೊಳ್ಳುವುದು ಹೇಗೆ? ಜನವರಿ ಒಂದರಂದು ಆದಿಕಾಂಡದಿಂದ ಶುರು ಮಾಡುವವರ ಗತಿ ನಿಮಗೂ ಗೊತ್ತಿರಬೇಕು. ಸತ್ಯವೇದದ 66 ಪುಸ್ತಕಗಳಲ್ಲಿ 1,189 ಅಧ್ಯಾಯಗಳಿವೆ. ದಿನಕ್ಕೆ ಮೂರು ನಾಲ್ಕು ಓದಿದರೆ ವರ್ಷಕ್ಕೆ ಮುಗಿಯುತ್ತದೆ. ಆದಿಕಾಂಡ 50, ವಿಮೋಚನಕಾಂಡ 40. ಮೂರರ ಲೆಕ್ಕದಲ್ಲಿ ಓದಿದರೆ ಜನವರಿ 30ಕ್ಕೆ ಎರಡೂ ಮುಗಿದು, 31ಕ್ಕೆ ಸರಿಯಾಗಿ ಯಾಜಕಕಾಂಡ ಎದುರಾಗುತ್ತದೆ. ಹೋಮದ ಕೊಬ್ಬು, ಮೂತ್ರಪಿಂಡ, ಕುಷ್ಠದ ಪರೀಕ್ಷೆ. ಫೆಬ್ರವರಿ ಮೊದಲ ವಾರಕ್ಕೆ ಉತ್ಸಾಹ ಇಳಿದು ಪುಸ್ತಕ ಶೋಕೇಸಿಗೆ ವಾಪಸ್. ಸೋಮಾರಿತನಕ್ಕಿಂತ ಜಾಸ್ತಿ ಇಲ್ಲಿ ಕೆಲಸ ಮಾಡುವುದು ಯೋಜನೆಯ ದೋಷ. ಈಜು ಬಾರದವರನ್ನು ಮೊದಲ ದಿನವೇ ಗೊರೂರು ಡ್ಯಾಮಿನ ಹಿನ್ನೀರಿಗೆ ತಳ್ಳಿದಂತೆ.

ನನ್ನ ಸಲಹೆ ಕೇಳಿದರೆ, ಯೇಸುವಿನ ಕಥೆ ಹೇಳುವ ಮಾರ್ಕನ ಸುವಾರ್ತೆಯಿಂದ ಶುರು ಮಾಡಿ. 16 ಅಧ್ಯಾಯ, ಒಂದೇ ಕೂತಲ್ಲಿ ಜೋರಾಗಿ ಓದಿ ಮುಗಿಸಬಹುದು. ಒಮ್ಮೆ ಹಾಗೆ ಓದಿ, ಆಮೇಲೆ ದಿನಕ್ಕೊಂದು ತುಣುಕಿನಂತೆ ನಿಧಾನಕ್ಕೆ ಓದಿ. ಒಂದು ಪುಸ್ತಕ ಹಿಡಿದರೆ ಅದರಲ್ಲೇ ಒಂದೆರಡು ತಿಂಗಳು ಇರಿ. ಫೋನಿನ ಆ್ಯಪ್ ಬಸ್ಸಿನಲ್ಲಿ ಕೇಳಿಸಿಕೊಳ್ಳುವುದಕ್ಕೆ ಒಳ್ಳೆಯದು, ಆದರೆ ಬೆಳಿಗ್ಗೆ ಕೂತು ಓದುವಾಗ ಕಾಗದದ ಪುಸ್ತಕವೇ ಇರಲಿ, ಫೋನ್ ಅಡುಗೆಮನೆಯಲ್ಲಿರಲಿ. ಹತ್ತಿರ ಒಂದು ಗೆರೆ ಹಾಕಿದ ನೋಟ್‌ಬುಕ್. ಅರ್ಥವಾಗದ್ದನ್ನು ಪ್ರಶ್ನೆಯಾಗಿ ಬರೆಯಿರಿ, ಅರ್ಥವಾದ ಹಾಗೆ ನಟಿಸಬೇಡಿ. ಹಳೆಯ ಭಾಷಾಂತರ ಬಿಗಿ ಅನ್ನಿಸಿದರೆ ಹೊಸದನ್ನೂ ಪಕ್ಕಕ್ಕೆ ಇಟ್ಟುಕೊಳ್ಳಿ. ಮಿಷನರಿ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು, ಪೂರ್ತಿ ಸತ್ಯವೇದ ಕನ್ನಡದಲ್ಲಿ ಅಚ್ಚಾಗಿ ಹೊರಬರುವಷ್ಟರಲ್ಲಿ 1831 ಆಗಿತ್ತು. ಆ ಕೆಲಸದ ಮುಂದೆ ನಮ್ಮ ನೋಟ್‌ಬುಕ್ ಏನು ಮಹಾ.

ಸತ್ಯವೇದದ ಹಾಡುಗಳಾದ ಕೀರ್ತನೆಗಳಿಗೆ ಮಾತ್ರ ಬೇರೆ ದಾರಿ ಇದೆ, ಅದು ಹಳೆಯದೂ ಹೌದು. ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಪ್ರಾರ್ಥನಾ ಪುಸ್ತಕದಲ್ಲಿ 16ನೇ ಶತಮಾನದಿಂದಲೂ 150 ಕೀರ್ತನೆಗಳನ್ನು 30 ದಿನಕ್ಕೆ ಬೆಳಿಗ್ಗೆ ಸಂಜೆ ಅಂತ ಹಂಚಿಕೊಟ್ಟಿದ್ದಾರೆ. 176 ವಚನಗಳ 119ನೇ ಕೀರ್ತನೆಯನ್ನು ಬಿಡಿಸಿ ಕೆಲವು ದಿನಗಳಿಗೆ ಹಾಕಿದ್ದಾರೆ. ಇದನ್ನು ಪಾಠದಂತೆ ಓದಬಾರದು, ನಿಮ್ಮ ಪ್ರಾರ್ಥನೆಯಾಗಿಯೇ ಬಾಯಿಬಿಟ್ಟು ಹೇಳಬೇಕು. ಖುಷಿಯಾಗಿರುವ ದಿನ 88ನೇ ಕೀರ್ತನೆ ಬಂದರೆ ವಿಚಿತ್ರ ಅನ್ನಿಸುತ್ತದೆ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನವೂ ಇಲ್ಲ. ಆ ದಿನ ಅದನ್ನು ಬೇರೆ ಯಾರದೋ ಪರವಾಗಿ ಹೇಳಿ. ನಮ್ಮ ಬೀದಿಯಲ್ಲೇ ಅದನ್ನು ಹೇಳಬೇಕಾದ, ಹೇಳಲು ಬಾಯಿ ಬರದ ಒಬ್ಬರಾದರೂ ಇರುತ್ತಾರೆ.

ಮನಸ್ಸು ಓಡಾಡುತ್ತದೆ ಅನ್ನುವವರಿಗೆ ಜರ್ಮನಿಯ ಮತ ಸುಧಾರಕ ಮಾರ್ಟಿನ್ ಲೂಥರ್ 1535ರಲ್ಲಿ ತನ್ನ ಕ್ಷೌರಿಕ ಪೀಟರನಿಗೆ ಬರೆದ ಕಾಗದದ ಮಾತು ಹೇಳಬೇಕು. ಪ್ರಾರ್ಥಿಸುವುದು ಹೇಗೆ ಅಂತ ಅವನು ಕೇಳಿದ್ದ. ಅಷ್ಟು ದೊಡ್ಡ ಪಂಡಿತ ಕೂತು ಒಬ್ಬ ಕ್ಷೌರಿಕನಿಗೆ ವಿವರವಾಗಿ ಉತ್ತರ ಬರೆದದ್ದೇ ನನಗೆ ಇಷ್ಟ. ಬೆಳಿಗ್ಗೆ ಮೊದಲ ಕೆಲಸ, ರಾತ್ರಿ ಕೊನೆಯ ಕೆಲಸ ಪ್ರಾರ್ಥನೆಯಾಗಲಿ, "ಇನ್ನೊಂದು ಗಂಟೆ ಬಿಟ್ಟು ಮಾಡೋಣ, ಇದೊಂದು ಮುಗಿಸಿಬಿಡೋಣ" ಅನ್ನುವ ಯೋಚನೆಯನ್ನು ನಂಬಬೇಡ ಅನ್ನುತ್ತಾನೆ. ಒಳ್ಳೆಯ ಕ್ಷೌರಿಕನ ಕಣ್ಣು, ಗಮನ ಕತ್ತಿಯ ಮೇಲೇ ಇರುತ್ತದೆ, ಹರಟೆ ಹೊಡೆಯುತ್ತ ಆಚೀಚೆ ನೋಡಿದರೆ ಗಿರಾಕಿಯ ಮೂಗೋ ಕುತ್ತಿಗೆಯೋ ಹೋದೀತು ಅಂತಲೂ ಬರೆಯುತ್ತಾನೆ.

ಅವನು ಕೊಟ್ಟ ದಾರಿ ಸರಳ. ಹತ್ತು ಆಜ್ಞೆಗಳಲ್ಲಿ ಒಂದನ್ನು ತೆಗೆದುಕೊ. ಅದರಿಂದ ನಾಲ್ಕು ಎಳೆ ಹೆಣೆ: ಕಲಿಯಬೇಕಾದ್ದೇನು, ಕೃತಜ್ಞತೆ ಯಾವುದಕ್ಕೆ, ಒಪ್ಪಿಕೊಳ್ಳಬೇಕಾದ್ದೇನು, ಬೇಡಬೇಕಾದ್ದೇನು. "ಕದಿಯಬಾರದು" ಅನ್ನುವುದನ್ನೇ ಇಟ್ಟುಕೊಳ್ಳೋಣ. ನಾನು ಕಳ್ಳಿಯಲ್ಲವಲ್ಲ ಅಂತ ಎರಡೇ ಸೆಕೆಂಡಿಗೆ ದಾಟಿಹೋಗಬಹುದಾದ ಆಜ್ಞೆ ಅದು. ನಿಂತು ನೋಡಿದರೆ ಹಾಗಿಲ್ಲ. ಮೊದಲನೆಯದು, ಇನ್ನೊಬ್ಬರ ದುಡಿಮೆಯನ್ನು ದೇವರು ಕಾಯುತ್ತಾನೆ ಅಂತ ತಿಳಿಯುತ್ತದೆ. ಎರಡನೆಯದು, ನನ್ನ ಬಾಗಿಲಿಗೆ ಬೀಗ ಹಾಕಿ ನೆಮ್ಮದಿಯಾಗಿ ಮಲಗುತ್ತೇನಲ್ಲ, ಅದಕ್ಕೆ ಸ್ತೋತ್ರ. ಮೂರನೆಯದು ಕಷ್ಟದ್ದು. ಮನೆಗೆಲಸದಾಕೆ ಜ್ವರ ಅಂತ ರಜ ಹಾಕಿದ ದಿನಗಳ ಸಂಬಳ ಹಿಡಿಯುವುದು ಯಾವ ಲೆಕ್ಕ? ತೋಟದಲ್ಲಿ ಕೊಯ್ಲಿಗೆ ಬಂದವರ ಕಾಫಿ ತೂಗುವಾಗ ಕಿಲೋ ಅರ್ಧ ಕಿಲೋ ಕಮ್ಮಿ ಬರೆದರೆ ಅದನ್ನು ಏನಂತ ಕರೆಯಬೇಕು? ಸಕಲೇಶಪುರ, ಮೂಡಿಗೆರೆ ಕಡೆಯಿಂದ ಬಂದವರು ಈ ಪ್ರಶ್ನೆಗೆ ತಲೆ ತಗ್ಗಿಸುತ್ತಾರೆ, ತೋಟದವರೂ ಅಲ್ಲಿ ಲೆಕ್ಕ ಬರೆಯುವ ರೈಟರುಗಳೂ. ನಾಲ್ಕನೆಯ ಎಳೆಗೆ ಬರುವಷ್ಟರಲ್ಲಿ ಬೇಡಿಕೆ ತಾನಾಗಿ ಬಾಯಿಗೆ ಬಂದಿರುತ್ತದೆ. ಓಡಾಡುವುದಕ್ಕೆ ಮನಸ್ಸಿಗೆ ಪುರಸೊತ್ತೇ ಇರುವುದಿಲ್ಲ.

ಹೊತ್ತಿನ ವಿಷಯ. ಬೆಳಗಿನ ಜಾವ ನಾಲ್ಕಕ್ಕೆ ಏಳದವರು ಕ್ರೈಸ್ತರೇ ಅಲ್ಲ ಅನ್ನುವ ಹಾಗೆ ಕೆಲವರು ಬೋಧಿಸುತ್ತಾರೆ. ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ಅಡವಿಗೆ ಹೋಗಿ ಪ್ರಾರ್ಥಿಸಿದ್ದು ನಿಜ, ಮಾರ್ಕ 1:35. ನಮ್ಮ ಗುಂಪಿನ ನರ್ಸ್ ಆ ಹೊತ್ತಿಗೆ ವಾರ್ಡಿನಲ್ಲಿ ಡ್ರಿಪ್ ಬದಲಾಯಿಸುತ್ತಿರುತ್ತಾಳೆ. ಅವಳು ಒಂದು ಕೀರ್ತನೆಯನ್ನು ಚೀಟಿಯಲ್ಲಿ ಬರೆದು ಯೂನಿಫಾರ್ಮ್ ಜೇಬಿನಲ್ಲಿ ಇಟ್ಟುಕೊಳ್ಳುತ್ತಾಳೆ. ವಾರವಿಡೀ ಅದೇ ಕೀರ್ತನೆ, ಬಾಯಿಪಾಠ ಆಗುವವರೆಗೆ. ಡ್ಯೂಟಿ ಬದಲಾದರೂ ಚೀಟಿ ಬದಲಾಗುವುದಿಲ್ಲ. ಇದಕ್ಕಿಂತ ಶಿಸ್ತು ಇನ್ನೇನು ಬೇಕು?

ಹಾಗಂತ ಅನುಕೂಲ ನೋಡಿಕೊಂಡು ಮಾಡೋಣ ಅಂತಲೂ ನಾನು ಹೇಳುತ್ತಿಲ್ಲ. ಧನುರ್ಮಾಸದಲ್ಲಿ ನಮ್ಮ ಬೀದಿಯವರು ಕೊರೆಯುವ ಚಳಿಗೆ ತಣ್ಣೀರೋ ಬಿಸಿನೀರೋ ಸ್ನಾನ ಮುಗಿಸಿ, ಬೆಳಕು ಹರಿಯುವ ಮುಂಚೆ ಗುಡಿಗೆ ಹೊರಡುತ್ತಾರೆ. ಅದೇ ಡಿಸೆಂಬರಿನಲ್ಲಿ ನಮಗೆ ಕೇಕು, ಕ್ಯಾರಲ್ಸು, ಸ್ಟಾರು ಕಟ್ಟುವ ಗಡಿಬಿಡಿ. ಹಾಸನಾಂಬೆಯ ಗುಡಿ ವರ್ಷದಲ್ಲಿ ಕೆಲವೇ ದಿನ ತೆರೆಯುತ್ತದೆ, ಆಗ ಜನ ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುತ್ತಾರೆ. ನಮಗೆ ವರ್ಷವಿಡೀ ಬಾಗಿಲು ತೆರೆದೇ ಇದೆ. ಸೆರೆಯಾಗುವ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ನಿದ್ದೆಹೋಗಿದ್ದ ಶಿಷ್ಯ ಪೇತ್ರನಿಗೆ ಕೇಳಿದ ಮಾತು ನೆನಪಾಗುತ್ತದೆ, ಒಂದು ಗಂಟೆ ಎಚ್ಚರವಾಗಿರಲಾರೆಯಾ ಅಂತ. ಪಕ್ಕದ ಮನೆಯ ಕ್ಯಾಥೊಲಿಕ್ ಆಂಟಿ ಸಂಜೆ ದೀಪ ಹಚ್ಚಿ ಮೊಮ್ಮಕ್ಕಳನ್ನು ಕೂರಿಸಿಕೊಂಡು ಜಪಸರ ಹೇಳುತ್ತಾರೆ. ಬಾಯಿಪಾಠದ ಪ್ರಾರ್ಥನೆ ಅಂತ ನಮ್ಮವರು ಮೂಗು ಮುರಿಯುವುದನ್ನು ಕೇಳಿದ್ದೇನೆ. ಬಾಯಿಪಾಠವೂ ಇಲ್ಲದ ನಾವು ಮೂಗು ಮುರಿಯುವುದು ಸ್ವಲ್ಪ ಜಾಸ್ತಿಯಾಯಿತು.

ಹಾಸನದವರಿಗೆ ವೆಸ್ಲಿಯನ್ ಮಿಷನ್ ಅಂದರೆ ರೆಡ್‌ಫರ್ನ್ ಆಸ್ಪತ್ರೆ ನೆನಪಾಗುತ್ತದೆ. ಆ ಮಿಷನ್ನಿನ ಬೇರು 1729ರ ಆಕ್ಸ್‌ಫರ್ಡಿನಲ್ಲಿದೆ. ಜಾನ್ ಮತ್ತು ಚಾರ್ಲ್ಸ್ ವೆಸ್ಲಿ, ಇನ್ನು ಕೆಲವು ಗೆಳೆಯರು ಗೊತ್ತಾದ ಹೊತ್ತಿಗೆ ಕೂಡಿ ಗ್ರೀಕ್ ಹೊಸ ಒಡಂಬಡಿಕೆ ಓದುವುದು, ಬುಧವಾರ ಶುಕ್ರವಾರ ಉಪವಾಸ ಮಾಡುವುದು, ಹೀಗೆ ಎಲ್ಲಕ್ಕೂ ಕ್ರಮ ಹಾಕಿಕೊಂಡಿದ್ದರು. ಉಳಿದ ವಿದ್ಯಾರ್ಥಿಗಳು ಗೇಲಿ ಮಾಡಿ ಇಟ್ಟ ಹೆಸರೇ ಮೆಥೊಡಿಸ್ಟ್. ಅವರ ಕ್ರಮ ಕೋಣೆಯೊಳಗೇ ಉಳಿಯಲಿಲ್ಲ ಅನ್ನುವುದು ನನಗೆ ಮುಖ್ಯ. ಮರುವರ್ಷವೇ ಆ ಊರಿನ ಸೆರೆಮನೆಗೆ ಹೋಗಿ ಕೈದಿಗಳನ್ನು ನೋಡತೊಡಗಿದರು. ಪಟ್ಟಣದ ಕ್ಷೇಮಕ್ಕಾಗಿ ದುಡಿಯಿರಿ ಅಂತ ಯೆರೆಮೀಯ ಬರೆದಿದ್ದನಲ್ಲ. ನಾವು ಪ್ರಾರ್ಥನೆಯಲ್ಲಿ ಹಾಸನದ ಹೆಸರು ಎಷ್ಟು ಸಲ ಎತ್ತುತ್ತೇವೆ? ನೀರು, ರಸ್ತೆ, ಆಸ್ಪತ್ರೆ, ಊರೊಳಗೆ ಬರುವ ಆನೆ, ಆನೆ ತುಳಿದು ಸತ್ತ ಕೂಲಿಯವನ ಮನೆ? ಮಗಳ ಮದುವೆ, ಮಗನ ವೀಸಾಕ್ಕೇ ಹೊತ್ತು ಮುಗಿದುಹೋಗುತ್ತದೆ.

ಶಿಸ್ತಿಗೆ ಒಂದು ಕಾಯಿಲೆಯೂ ಇದೆ. "ನಾನು ಸತ್ಯವೇದ ಇಷ್ಟು ಸಲ ಮುಗಿಸಿದ್ದೀನಿ, ನೀವೆಷ್ಟು ಸಲ?" ಅನ್ನುವವರು ಎಲ್ಲ ಸಭೆಯಲ್ಲೂ ಇರುತ್ತಾರೆ. ಸ್ಕಾಟ್ಲೆಂಡಿನ ಡಂಡಿಯಲ್ಲಿ ಸಭಾಪಾಲಕನಾಗಿದ್ದ ರಾಬರ್ಟ್ ಮರೆ ಮೆಕ್‌ಚೇನ್ 1842ರಲ್ಲಿ ತನ್ನ ಸಭೆಯವರಿಗಾಗಿ ಒಂದು ವರ್ಷದ ಓದಿನ ಪಟ್ಟಿ ಮಾಡಿಕೊಟ್ಟ. ಹಳೆ ಒಡಂಬಡಿಕೆ ಒಂದು ಸಲ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ. ಇವತ್ತಿಗೂ ಜನ ಅದನ್ನು ಬಳಸುತ್ತಾರೆ. ಪಟ್ಟಿಯ ಜೊತೆಗೇ ಅವನು ಅಪಾಯಗಳನ್ನೂ ಬರೆದುಕೊಟ್ಟಿದ್ದ: ಕಾಟಾಚಾರಕ್ಕೆ ಓದುವುದು, ನಾನೇ ನೀತಿವಂತ ಅನ್ನುವ ಹೆಮ್ಮೆ, ಗಮನವಿಲ್ಲದ ಓದು, ಹೊರಲಾಗದ ಹೊರೆಯಾಗುವುದು. ಮದ್ದು ಕೊಡುವಾಗಲೇ ಪಥ್ಯ ಹೇಳಿದ ಅವನ ಮೇಲೆ ನನಗೆ ಗೌರವ. ಒಂದು ದಿನ ತಪ್ಪಿದರೆ ಮರುದಿನ ಆರು ಅಧ್ಯಾಯ ಗಬಗಬ ಓದಿ ಲೆಕ್ಕ ಸರಿಮಾಡುವುದು ಬೇಡ. ತಪ್ಪಿದ್ದು ತಪ್ಪಿತು, ಇವತ್ತಿನದನ್ನು ಓದಿ.

ಹೀಗೆ ಕೂತರೆ ಪ್ರತಿದಿನ ಏನೋ ಅನುಭವ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಎಷ್ಟೋ ಬೆಳಿಗ್ಗೆ ಸುಮ್ನೆ ಓದಿ, ಪರಲೋಕ ಪ್ರಾರ್ಥನೆ ಹೇಳಿ, ಎದ್ದು ಹಾಲು ಕಾಯಿಸಲು ಹೋಗುವುದಷ್ಟೇ. ಮಧ್ಯರಾತ್ರಿ ಗೆಳೆಯನ ಬಾಗಿಲು ಬಡಿದವನ ಕಥೆ ಲೂಕ 11ರಲ್ಲಿ ಇದೆಯಲ್ಲ, ಅವನಿಗೆ ರೊಟ್ಟಿ ಸಿಕ್ಕಿದ್ದು ನಾಚಿಕೆ ಬಿಟ್ಟು ಬಡಿಯುತ್ತಲೇ ಇದ್ದದ್ದರಿಂದ. ಬಡಿಯುವಾಗ ಅವನ ಮನಸ್ಸಿನಲ್ಲಿ ಭಕ್ತಿ ಉಕ್ಕುತ್ತಿತ್ತು ಅಂತ ಯೇಸು ಹೇಳಿಲ್ಲ.

ನಮ್ಮ ಗುಂಪಿನಲ್ಲಿ ಯೆರೆಮೀಯ ಮುಗಿಯುವ ಹಂತಕ್ಕೆ ಬಂದಿದೆ. ಮುಂದೆ ಏನು ಅಂತ ಮಾತಾಯಿತು. ಯಾಜಕಕಾಂಡವನ್ನೇ ಹಿಡಿಯೋಣ, ಎಲ್ಲರೂ ಬಿಟ್ಟು ಓಡುವ ಪುಸ್ತಕ ಅದು ಅಂತ ಲೈನ್‌ಮನ್ ಅಂಕಲ್ ಹಟ ಹಿಡಿದರು. ಕಾಲೇಜು ಹುಡುಗಿಯರು ಮುಖ ಮುಖ ನೋಡಿಕೊಂಡರು. "ಆ ಕುಷ್ಠದ ಅಧ್ಯಾಯ ಎರಡನ್ನೂ ಬಿಟ್ಬಿಡಾಣ ಅಂಕಲ್, ಅದ್ರಲ್ಲೇನೈತೆ" ಅಂತ ಆಟೋ ತಮ್ಮ ಗೊಣಗಿದ. ನರ್ಸ್ ಆಗಲೇ ಪುಟ ತಿರುಗಿಸಿ 13ನೇ ಅಧ್ಯಾಯದಲ್ಲಿ ಬೆರಳಿಟ್ಟಿದ್ದಳು. "ಅದನ್ನ ನಾನ್ ತಗೋತೀನಿ. ರೋಗಿನ ಏಳು ದಿನ ಬೇರೆ ಇಟ್ಟು ಆಮೇಲೆ ಮತ್ತೆ ನೋಡ್ಬೇಕು ಅಂತಿದೆ ನೋಡಿ ಇಲ್ಲಿ."